ಕಾಮ್ ಸತ್ತು ಇಪ್ಪತ್ತು ವರ್ಷ ಆಯ್ತಂತೆ, ಮತ್ತೆ ಇಲ್ಲಿ ಓಡ್ತಿರೋದೇನು?

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ. ಗೇಟಿನ ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ವೇಬ್ರಿಡ್ಜ್ ಪಕ್ಕದ ಪುಟ್ಟ ಕೋಣೆಯಲ್ಲಿ ಹೊಚ್ಚ ಹೊಸ ಕಂಪ್ಯೂಟರ್, ಅದರಲ್ಲಿ ವಿಂಡೋಸ್ 11. ತೂಕ ಮಾತ್ರ ಬರುತ್ತಿಲ್ಲ. ಹಿಂದಿನ ರಾತ್ರಿ ಸಿಡಿಲಿಗೆ ಹಳೇ ಕಂಪ್ಯೂಟರ್ ಸುಟ್ಟಿತ್ತು. ಹಾರ್ಡ್‌ಡಿಸ್ಕ್ ಹೇಗೋ ಉಳಿದುಕೊಂಡಿತ್ತು. ಗಿರಣಿ ಮಾಲೀಕರು ನನ್ನ ಗೆಳೆಯನ ಮಾವ. ಹಾಗಾಗಿ ಫೋನ್ ನನಗೆ ಬಂತು.

ತೂಕದ ಪ್ರೋಗ್ರಾಂ 2003ರದ್ದು. ಯಾರೋ ವಿಷುಯಲ್ ಬೇಸಿಕ್ 6 (ವಿಬಿ6) ಅನ್ನುವ ಮೈಕ್ರೋಸಾಫ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದರು. ಬರೆದವರ ಫೋನ್ ನಂಬರ್ ಕೂಡ ಯಾರ ಹತ್ತಿರವೂ ಇಲ್ಲ. ಹಳೇ ಡಿಸ್ಕಿನಿಂದ ಫೋಲ್ಡರ್ ಕಾಪಿ ಮಾಡಿ ಡಬಲ್ ಕ್ಲಿಕ್ ಮಾಡಿದೆ. ಎಂಎಸ್‌ಕಾಮ್32.ಓಸಿಎಕ್ಸ್ ಅನ್ನುವ ಕಾಂಪೊನೆಂಟ್, ಅಂದರೆ ಬಿಡಿಭಾಗ, ಸರಿಯಾಗಿ ರಿಜಿಸ್ಟರ್ ಆಗಿಲ್ಲ ಅಂತ ಬಂತು. ಅದು ಎಲ್ಲಿದೆ ಅಂತ ವಿಂಡೋಸ್‌ನ ದಾಖಲೆಯಲ್ಲಿ ಬರೆದಿಲ್ಲ ಅಂತ ಅರ್ಥ. ವಿಬಿ6 ಜೊತೆ ಏಗಿದವರಿಗೆ ಈ ಸಾಲು ಬಾಯಿಪಾಠ. ಆ ಫೈಲಿನ ಕೆಲಸ ಒಂದೇ. ತೂಕದ ಇಂಡಿಕೇಟರ್ ಸೀರಿಯಲ್ ಕೇಬಲ್‌ನಲ್ಲಿ ಕಳಿಸುವ ಅಂಕಿಗಳನ್ನು ಓದಿ ಪ್ರೋಗ್ರಾಂ ಕೈಗೆ ಕೊಡುವುದು.

ಫೈಲನ್ನು ಸಿಸ್ಟಮ್32 ಫೋಲ್ಡರ್‌ಗೆ ಹಾಕಿ ರಿಜಿಸ್ಟರ್ ಮಾಡಲು ನೋಡಿದೆ. ಆಗಲಿಲ್ಲ. ಆಮೇಲೆ ತಲೆಗೆ ಹೊಳೆಯಿತು. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಅನ್ನುವ ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲುಗಳು. 32 ಬಿಟ್ ಫೈಲುಗಳು ಇರುವುದು ಸಿಸ್‌ವಾವ್64 ಅನ್ನುವ ಫೋಲ್ಡರ್‌ನಲ್ಲಿ. ಹೆಸರು ತಿರುಗುಮುರುಗು ಅಲ್ವಾ? ತಪ್ಪಿ ಬರೆದದ್ದಲ್ಲ, ಹಾಗೇ ಇದೆ. ಅಲ್ಲಿಗೆ ಫೈಲ್ ಹಾಕಿ, ಅಡ್ಮಿನ್ ಆಗಿ, ರಿಜಿಸ್ಟರ್ ಮಾಡುವ ರೆಗ್‌ಸರ್ವರ್32 ಕಮಾಂಡ್ ಓಡಿಸಿದೆ. ಪ್ರೋಗ್ರಾಂ ತೆರೆದುಕೊಂಡಿತು. ಮೊದಲ ಲಾರಿ ತೂಕಕ್ಕೆ ಹತ್ತಿತು.

ಪಕ್ಕದಲ್ಲಿ ಮಾಲೀಕರ ಮಗಳು ನಿಂತಿದ್ದಳು. ಎಂಜಿನಿಯರಿಂಗ್ ಓದುತ್ತಾಳೆ. "ಈ ಕಾಮ್ ಅನ್ನೋದೆಲ್ಲ ಸತ್ತು ಇಪ್ಪತ್ತು ವರ್ಷ ಆಯ್ತು ಅಂತ ನಮಗೆ ಹೇಳಿದ್ರು. ಮತ್ತೆ ಇದು ಹೇಗೆ ಓಡ್ತಿದೆ?" ಅಂದಳು. ಲಾರಿಗಳ ಗದ್ದಲದಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ. ಅವಳು ಕಾಮ್ ಅಂದದ್ದು ಬೇರೆ ಬೇರೆಯವರು ಬರೆದ ಬಿಡಿಭಾಗಗಳನ್ನು ವಿಂಡೋಸ್‌ನಲ್ಲಿ ಜೋಡಿಸುವ ಮೈಕ್ರೋಸಾಫ್ಟ್‌ನ ಪದ್ಧತಿಗೆ.

ಸಾಫ್ಟ್‌ವೇರನ್ನು ಬಿಡಿಭಾಗಗಳಿಂದ ಜೋಡಿಸಬೇಕು ಅನ್ನುವ ಯೋಚನೆ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಒಂದು ಸಮ್ಮೇಳನ ನಡೆಸಿತು. ಅಲ್ಲಿ ಡಗ್ಲಸ್ ಮೆಕ್‌ಇಲ್‌ರಾಯ್ ಇದನ್ನೇ ಹೇಳಿದರು. ಕಾರ್ಖಾನೆಗಳು ನಟ್ಟು ಬೋಲ್ಟು ಕೊಂಡು ಯಂತ್ರ ಕಟ್ಟುತ್ತವೆ, ಪ್ರೋಗ್ರಾಮರ್‌ಗಳು ಮಾತ್ರ ಪ್ರತಿ ಸಲ ನಟ್ಟನ್ನೂ ತಾವೇ ಕಡೆಯುತ್ತಾರೆ ಅನ್ನುವುದು ಅವರ ದೂರು. ಆಮೇಲೆ ಬಹಳ ಜನ ಬಹಳ ದಾರಿ ಹಿಡಿದರು. ವಿಂಡೋಸ್ ಲೋಕದಲ್ಲಿ ಗೆದ್ದದ್ದು ಕಾಮ್, ಅಂದರೆ ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್. ಮೈಕ್ರೋಸಾಫ್ಟ್ ಅದನ್ನು 1993ರಲ್ಲಿ ಓಎಲ್‌ಇ 2 ಜೊತೆ ತಂದಿತು. ಒಂದು ಪ್ರೋಗ್ರಾಂನ ದಾಖಲೆಯನ್ನು ಇನ್ನೊಂದರ ದಾಖಲೆಯೊಳಗೆ ಕೂರಿಸುವ ತಂತ್ರ ಓಎಲ್‌ಇ. ಕನ್ನಡದಲ್ಲಿ ಬರೆದರೆ ಈ ಹೆಸರು ಸ್ವಲ್ಪ ಮುಜುಗರದ್ದೇ, ಏನು ಮಾಡೋದು. ಎಂಎಸ್‌ಕಾಮ್‌ನಲ್ಲಿರುವ ಕಾಮ್ ಇದಲ್ಲ, ಅದು ಕಮ್ಯುನಿಕೇಶನ್‌ನ ತುಂಡು. ಆದರೆ ಆ ಫೈಲು ಕಟ್ಟಿರುವುದು ಈ ಕಾಮ್ ಮೇಲೆಯೇ.

ಕಾಮ್ ಒಂದು ಪ್ರೋಗ್ರಾಂ ಅಲ್ಲ, ಒಂದು ಭಾಷೆಯೂ ಅಲ್ಲ. ಅದೊಂದು ಒಪ್ಪಂದ. ಒಬ್ಬರು ಸಿ++ನಲ್ಲಿ ಒಂದು ಭಾಗ ಬರೆದಿದ್ದಾರೆ, ಇನ್ನೊಬ್ಬರು ವಿಬಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಸೋರ್ಸ್ ಕೋಡ್ ಕೊಡುವ ಮಾತೇ ಇಲ್ಲ. ಆದರೂ ಆ ಭಾಗ ಈ ಪ್ರೋಗ್ರಾಂನಲ್ಲಿ ಕೂರಬೇಕು. ಅದಕ್ಕೆ ಮೆಮೊರಿಯಲ್ಲಿ ಯಾವುದು ಎಲ್ಲಿರಬೇಕು ಅನ್ನುವುದನ್ನು ಕಾಮ್ ಗಟ್ಟಿ ಮಾಡಿತು. ಹೀಗೆ ಕೂರುವ ಭಾಗಕ್ಕೆ ವಸ್ತು (ಆಬ್ಜೆಕ್ಟ್) ಅನ್ನೋಣ. ಅದರ ಮೊದಲಲ್ಲಿ ಒಂದು ಪಾಯಿಂಟರ್, ಅಂದರೆ ಮೆಮೊರಿಯ ಇನ್ನೊಂದು ಜಾಗದ ವಿಳಾಸ. ಅದು ತೋರಿಸುವ ಕಡೆ ಒಂದು ಪಟ್ಟಿ. ಪಟ್ಟಿಯಲ್ಲಿ ಫಂಕ್ಷನ್‌ಗಳ, ಅಂದರೆ ಅದು ಮಾಡುವ ಕೆಲಸಗಳ, ವಿಳಾಸಗಳು, ಸಾಲಾಗಿ. ಅಷ್ಟೇ. ಇಂಥ ಪಟ್ಟಿಯ ಒಪ್ಪಂದಕ್ಕೆ ಇಂಟರ್‌ಫೇಸ್ ಅಂತ ಹೆಸರು. ಈ ಪಟ್ಟಿ ಓದಲು ಬರುವ ಯಾವ ಭಾಷೆಯಾದರೂ ಆ ವಸ್ತುವಿನ ಜೊತೆ ಮಾತಾಡಬಹುದು.

ಪಟ್ಟಿಯ ಮೊದಲ ಮೂರು ಜಾಗ ಎಲ್ಲ ಕಾಮ್ ವಸ್ತುವಿನಲ್ಲೂ ಒಂದೇ. ಮೊದಲನೆಯದು ಕ್ವೆರಿಇಂಟರ್‌ಫೇಸ್. "ನಿನಗೆ ಈ ಕೆಲಸ ಬರುತ್ತಾ?" ಅಂತ ಕೇಳುವುದು. ಬಂದರೆ ಆ ಕೆಲಸದ ಪಟ್ಟಿ ಕೊಡುತ್ತದೆ, ಬರದಿದ್ದರೆ ಇಲ್ಲ ಅನ್ನುತ್ತದೆ. ಎರಡನೆಯದು ಆಡ್‌ರೆಫ್, ಅಂದರೆ ನಾನೂ ನಿನ್ನನ್ನು ಹಿಡಿದುಕೊಂಡಿದ್ದೇನೆ. ಮೂರನೆಯದು ರಿಲೀಸ್, ನಾನು ಬಿಟ್ಟೆ. ಹಿಡಿದವರೆಲ್ಲ ಬಿಟ್ಟ ಮೇಲೆ ವಸ್ತು ತನ್ನಷ್ಟಕ್ಕೆ ಮೆಮೊರಿ ಖಾಲಿ ಮಾಡಿ ಹೋಗುತ್ತದೆ. ಈ ಮೂರರ ಗುಂಪಿಗೆ ಐಅನ್‌ನೋನ್ ಅಂತ ಹೆಸರು. ಪ್ರತಿ ಇಂಟರ್‌ಫೇಸ್‌ಗೂ 128 ಬಿಟ್‌ನ ಒಂದು ಗುರುತಿನ ಸಂಖ್ಯೆ ಇದೆ. ಐಅನ್‌ನೋನ್ ಸಂಖ್ಯೆಯಲ್ಲಿ ಹೆಚ್ಚುಕಡಿಮೆ ಬರೀ ಸೊನ್ನೆಗಳು. ನಡುವೆ ಒಂದು ಸಿ, ಕೊನೆಯಲ್ಲಿ 46. ಮೂವತ್ತು ವರ್ಷದಿಂದ ಅದೇ 46.

ಎಲ್ಲಕ್ಕಿಂತ ಮುಖ್ಯವಾದ ಕಟ್ಟುಪಾಡು ಇನ್ನೊಂದು. ಒಂದು ಸಲ ಹೊರಗೆ ಬಿಟ್ಟ ಇಂಟರ್‌ಫೇಸನ್ನು ಮುಟ್ಟುವ ಹಾಗಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಹೊಸ ಫಂಕ್ಷನ್ ಬೇಕಾ? ಹೊಸ ಸಂಖ್ಯೆಯ ಹೊಸ ಇಂಟರ್‌ಫೇಸ್ ಮಾಡಿ, ಹಳೆಯದನ್ನು ಹಾಗೇ ಬಿಡಿ. ಅದಕ್ಕೇ ಕಾಮ್ ಲೋಕದಲ್ಲಿ ಬಾಲಕ್ಕೆ ಅಂಕಿ ಅಂಟಿಸಿದ ಹೆಸರುಗಳು ಜಾಸ್ತಿ. ಆಟಗಳ ಚಿತ್ರ ಮೂಡಿಸುವ ಡೈರೆಕ್ಟ್3ಡಿ 12ರಲ್ಲಿ ಡಿವೈಸ್ ಇಂಟರ್‌ಫೇಸ್‌ಗೆ ಡಿವೈಸ್1, ಡಿವೈಸ್2 ಅಂತ ಸೇರಿಸುತ್ತಾ ಹೋಗಿ ಹತ್ತನ್ನೂ ದಾಟಿದ್ದಾರೆ. ನೋಡಲು ಚೆಂದ ಇಲ್ಲ. ಆದರೆ ಡಿವೈಸ್1 ಕೇಳುವ ಹಳೇ ಆಟಕ್ಕೆ ಇವತ್ತೂ ಡಿವೈಸ್1 ಸಿಗುತ್ತದೆ. ಗಿರಣಿಯ 2003ರ ಪ್ರೋಗ್ರಾಂ ಕೇಳಿದ್ದೂ ಅಂಥದ್ದೇ ಹಳೇ ಪಟ್ಟಿ.

ಹಾಗಾದರೆ ಸತ್ತಿತು ಅಂದವರು ಯಾರು? 2002ರಲ್ಲಿ ಡಾಟ್‌ನೆಟ್ ಅನ್ನುವ ಮೈಕ್ರೋಸಾಫ್ಟ್‌ನ ಹೊಸ ಪ್ರೋಗ್ರಾಮಿಂಗ್ ವ್ಯವಸ್ಥೆ ಬಂದಾಗ ಎಲ್ಲರೂ ಅಂದರು. ಅವರ ಮಾತಿಗೆ ಕಾರಣವೂ ಇತ್ತು. ಕಾಮ್ ಬರೆಯುವುದು ಸುಲಭದ ಕೆಲಸ ಆಗಿರಲಿಲ್ಲ. ಒಂದು ಕಡೆ ರಿಲೀಸ್ ಮರೆತರೆ ಮೆಮೊರಿ ಸೋರುತ್ತದೆ, ಎರಡು ಸಲ ಮಾಡಿದರೆ ಪ್ರೋಗ್ರಾಂ ಬೀಳುತ್ತದೆ. ವಿಂಡೋಸ್ ತನ್ನ ದಾಖಲೆ ಇಡುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ತಪ್ಪಿದರೆ ಮುಗೀತು. ಬೇರೆ ಯಾವುದೋ ಸಾಫ್ಟ್‌ವೇರ್ ಬಂದು ಅದೇ ಹೆಸರಿನ ಡಿಎಲ್‌ಎಲ್ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲ್) ಮೇಲೆ ತನ್ನದನ್ನು ಬರೆದು ಹೋಗುತ್ತದೆ, ನಿಮ್ಮ ಪ್ರೋಗ್ರಾಂ ಸುಮ್ನೆ ನಿಲ್ಲುತ್ತದೆ. ಆ ಕಾಲದವರು ಇದಕ್ಕೆ ಡಿಎಲ್‌ಎಲ್ ನರಕ ಅಂತಲೇ ಹೆಸರಿಟ್ಟಿದ್ದರು. ಡಾಟ್‌ನೆಟ್ ಇದನ್ನೆಲ್ಲ ನಿವಾರಿಸುತ್ತೇನೆ ಅಂತ ಬಂತು, ಬಹುಪಾಲು ನಿವಾರಿಸಿತು ಕೂಡ.

ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯ್ತು ಅನ್ನುತ್ತೇವಲ್ಲ, ಇಲ್ಲಿ ಹಾಗಾಗಲಿಲ್ಲ. ಡಾಟ್‌ನೆಟ್ ಮೊದಲ ದಿನದಿಂದಲೇ ಕಾಮ್ ಜೊತೆ ಮಾತಾಡುವ ಏರ್ಪಾಡು ಮಾಡಿಕೊಂಡೇ ಬಂತು. ಕಾಮ್ ವಸ್ತುವಿಗೆ ಒಂದು ಹೊದಿಕೆ ಹಾಕಿ ಡಾಟ್‌ನೆಟ್ ವಸ್ತುವಿನ ಹಾಗೆ ತೋರಿಸುವುದು ಒಂದು. ಡಾಟ್‌ನೆಟ್ ವಸ್ತುವಿಗೆ ಹೊದಿಕೆ ಹಾಕಿ ಕಾಮ್‌ನ ಹಾಗೆ ತೋರಿಸುವುದು ಇನ್ನೊಂದು. ಯಾಕೆ ಇಷ್ಟು ಮುತುವರ್ಜಿ? ವರ್ಡ್, ಎಕ್ಸೆಲ್, ಔಟ್‌ಲುಕ್ ಎಲ್ಲ ಹೊರಗಿನವರ ಜೊತೆ ಮಾತಾಡುತ್ತಿದ್ದದ್ದು ಕಾಮ್‌ನಲ್ಲಿ. ಎಕ್ಸೆಲ್ ತೆರೆಯಲು ಬಾರದ ಹೊಸ ಪ್ಲಾಟ್‌ಫಾರ್ಮನ್ನು ಯಾವ ಆಫೀಸಿನವರು ಮುಟ್ಟುತ್ತಿದ್ದರು?

ಇನ್ನೂ ಒಂದು ಒಳಗುಟ್ಟು ಇದೆ. ಡಾಟ್‌ನೆಟ್ ಇಂಜಿನ್‌ನ ಒಳಗಿನ ಸೆಟ್ಟಿಂಗ್‌ಗಳ ಹೆಸರು ಬಹಳ ವರ್ಷ ಕಾಮ್‌ಪ್ಲಸ್ ಅಂತಲೇ ಶುರುವಾಗುತ್ತಿತ್ತು. ಡಾಟ್‌ನೆಟ್ 6 ಬಂದ ಮೇಲಷ್ಟೇ ಅದಕ್ಕೆ ಡಾಟ್‌ನೆಟ್ ಅನ್ನುವ ಹೆಸರು ಸಿಕ್ಕಿತು. ವಿಂಡೋಸ್‌ನಲ್ಲಿ ಹಳೇ ಡಾಟ್‌ನೆಟ್ ಇಂಜಿನ್ನನ್ನು ಸಿ++ ಪ್ರೋಗ್ರಾಂನಿಂದ ಚಾಲೂ ಮಾಡಬೇಕೆಂದರೆ ಕರೆಯಬೇಕಾದದ್ದು ಕಾಮ್ ಇಂಟರ್‌ಫೇಸ್. ಅಂದರೆ ಕಾಮ್‌ನ ವಾರಸುದಾರ ಅನ್ನಿಸಿಕೊಂಡವನ ಮನೆ ಬಾಗಿಲೇ ಕಾಮ್.

ಹತ್ತು ವರ್ಷದ ನಂತರ, 2012ರಲ್ಲಿ, ವಿಂಡೋಸ್ 8 ಬಂತು. ಜೊತೆಗೆ ವಿನ್‌ಆರ್‌ಟಿ ಅನ್ನುವ ಹೊಚ್ಚ ಹೊಸ ತಳಪಾಯ. ಟಚ್ ಸ್ಕ್ರೀನ್ ಕಾಲಕ್ಕೆ ತಕ್ಕದ್ದು ಅಂದರು. ಒಳಗೆ ಬಗ್ಗಿ ನೋಡಿದರೆ ಪ್ರತಿ ವಸ್ತುವಿನ ಬುಡದಲ್ಲೂ ಐಇನ್‌ಸ್ಪೆಕ್ಟಬಲ್ ಅನ್ನುವ ಇಂಟರ್‌ಫೇಸ್. ಅದರ ಬುಡದಲ್ಲಿ? ಐಅನ್‌ನೋನ್. ಅದೇ ಮೂರು ಫಂಕ್ಷನ್, ಅದೇ 46.

ಈ ಮಾತು ದೂರದ್ದು ಅನ್ನಿಸಿದರೆ ಹತ್ತಿರದ್ದೇ ಒಂದು ನೋಡೋಣ. ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಫೋನೆಟಿಕ್ ಕೀಬೋರ್ಡ್ ಹಾಕಿಕೊಂಡಿದ್ದೀರಾ? 2019ರಲ್ಲಿ ವಿಂಡೋಸ್ 10ಕ್ಕೆ ಸೇರಿಸಿದ್ದು ಅದು. ಇಂಗ್ಲಿಷ್ ಅಕ್ಷರ ಒತ್ತುತ್ತೀರಿ, ಕನ್ನಡ ಪದ ಮೂಡುತ್ತದೆ. ಹೀಗೆ ಒತ್ತಿದ್ದನ್ನು ಬೇರೆ ಅಕ್ಷರವಾಗಿ ಬದಲಿಸುವ ವ್ಯವಸ್ಥೆಗೆ ಟೆಕ್ಸ್ಟ್ ಸರ್ವಿಸಸ್ ಫ್ರೇಮ್‌ವರ್ಕ್ ಅಂತ ಹೆಸರು. ಅದು ಕಟ್ಟಿರುವುದು ಕಾಮ್‌ನಲ್ಲಿ. ಇನ್ನು ತೆರೆಯ ಮೇಲೆ ಒತ್ತಕ್ಷರ ಚೊಕ್ಕಟವಾಗಿ ಕೂರಬೇಕಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದ ಕಾಲದಲ್ಲಿ ಆ ಕೆಲಸ ಬೇರೆ ರೀತಿ ನಡೆಯುತ್ತಿತ್ತು. ವಿಂಡೋಸ್ 7ರಿಂದ ಅದಕ್ಕೆ ಡೈರೆಕ್ಟ್‌ರೈಟ್ ಇದೆ. ಬ್ರೌಸರ್‌ಗಳೂ ಫಾಂಟ್ ವಿಷಯಕ್ಕೆ ಅದರ ಸಹಾಯ ಪಡೆಯುತ್ತವೆ. ಡೈರೆಕ್ಟ್‌ರೈಟ್ ಕೂಡ ಕಾಮ್ ಮಾದರಿಯದೇ. 2009ರಲ್ಲಿ, ಅಂದರೆ ಕಾಮ್ ಸತ್ತಿತು ಅಂದ ಏಳು ವರ್ಷದ ಮೇಲೆ, ಹೊಸದಾಗಿ ಬರೆದದ್ದು!

ಹಾಗಂತ ಹಳೆಯದು ಯಾವುದೂ ಸಾಯಲಿಲ್ಲ ಅಂತಲ್ಲ. ಸತ್ತದ್ದು ಬೇಕಾದಷ್ಟಿದೆ.

ಆಕ್ಟಿವ್‌ಎಕ್ಸ್ ನೋಡಿ. 1996ರಲ್ಲಿ ಕಾಮ್ ಕಾಂಪೊನೆಂಟ್‌ಗಳನ್ನು ವೆಬ್ ಪುಟದೊಳಗೆ ಕೂರಿಸಲು ಬಂದದ್ದು. ಸೈಟ್ ತೆರೆದರೆ ಒಂದು ತುಂಡು ಪ್ರೋಗ್ರಾಂ ಇಳಿದು ಬಂದು ನಿಮ್ಮ ಯಂತ್ರದಲ್ಲಿ ನಿಮ್ಮಷ್ಟೇ ಅಧಿಕಾರದಲ್ಲಿ ಓಡುತ್ತದೆ. ಈಗ ಕೇಳಿದರೆ ಎದೆ ಝಲ್ ಅನ್ನುತ್ತದೆ. ಆಗ ಅದು ಸೌಕರ್ಯ. ದಕ್ಷಿಣ ಕೊರಿಯಾದವರು ಇದರಲ್ಲಿ ಸಿಕ್ಕಿಕೊಂಡಷ್ಟು ಬೇರೆ ಯಾರೂ ಸಿಕ್ಕಿಕೊಳ್ಳಲಿಲ್ಲ. ಗಟ್ಟಿ ಎನ್‌ಕ್ರಿಪ್ಶನ್ ರಫ್ತಿಗೆ ಅಮೆರಿಕ ಆಗ ತಡೆ ಹಾಕಿತ್ತು. ಕೊರಿಯಾದವರು ಸೀಡ್ ಅನ್ನುವ ತಮ್ಮದೇ ಸಂಕೇತಲಿಪಿ ಮಾಡಿಕೊಂಡರು. ಬ್ರೌಸರ್‌ಗೆ ಅದು ಬಾರದ ಕಾರಣ ಆಕ್ಟಿವ್‌ಎಕ್ಸ್ ಮೂಲಕ ಕೂರಿಸಿದರು. ಅಲ್ಲಿಂದ ಮುಂದೆ ಬಹಳ ವರ್ಷ ಅಲ್ಲಿ ಬ್ಯಾಂಕ್ ಕೆಲಸಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕೇ ಬೇಕಾಯಿತು. ನಮ್ಮಲ್ಲೂ "ಈ ಸೈಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯಿರಿ" ಅನ್ನುವ ಬೋರ್ಡು ನೋಡದವರು ಕಡಿಮೆ. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್ ಅಂಗಡಿ ಮುಚ್ಚಿತು. ಆದರೂ ಅದರ ಜಾಗಕ್ಕೆ ಬಂದ ಎಡ್ಜ್ ಬ್ರೌಸರ್ ಒಳಗೆ ಹಳೇ ಎಕ್ಸ್‌ಪ್ಲೋರರ್ ಸೈಟ್‌ಗಳಿಗೆ ಐಇ ಮೋಡ್ ಅಂತ ಒಂದು ಹಿತ್ತಲ ಬಾಗಿಲು ಇಟ್ಟಿದ್ದಾರೆ, ಕನಿಷ್ಠ 2029ರವರೆಗೆ.

ನೆಟ್‌ವರ್ಕ್ ದಾಟಿ ಕಾಮ್ ವಸ್ತುಗಳನ್ನು ಮಾತಾಡಿಸುವ ಡಿಕಾಮ್ ಕಥೆಯೂ ಹೀಗೇ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅನ್ನುವ ಕಂಪ್ಯೂಟರ್ ಹುಳು (ವೈರಸ್ ಜಾತಿಯದು) ಹಬ್ಬಿದ್ದು ಅದರದೇ ಒಂದು ತೂತಿನಿಂದ. ಕಂಪ್ಯೂಟರ್‌ಗಳು ತಾವೇ ಅರವತ್ತು ಸೆಕೆಂಡ್ ಎಣಿಸಿ ಬಂದ್ ಆಗುತ್ತಿದ್ದದ್ದು ಸೈಬರ್ ಕೆಫೆ ಕಾಲದವರಿಗೆ ನೆನಪಿರಬಹುದು. ಆಮೇಲೆ ಹೊಸ ಕೆಲಸಕ್ಕೆ ಡಿಕಾಮ್ ಹಿಡಿಯುವವರು ಕಡಿಮೆಯಾದರು. ಎಲ್ಲರೂ ವೆಬ್ ಸರ್ವೀಸ್ ಕಡೆ ಹೋದರು.

ನನಗೆ ತಮಾಷೆ ಅನ್ನಿಸುವುದು ಸಿಲ್ವರ್‌ಲೈಟ್, ವೆಬ್ ಪುಟದಲ್ಲಿ ವಿಡಿಯೊ, ಆನಿಮೇಶನ್ ಓಡಿಸುವ ಮೈಕ್ರೋಸಾಫ್ಟ್ ಪ್ಲಗಿನ್. 2007ರಲ್ಲಿ ಬಂತು. ಬ್ರೌಸರ್‌ನಲ್ಲಿ ಇನ್ನು ಇದೇ ಭವಿಷ್ಯ ಅಂದರು. 2021ರ ಅಕ್ಟೋಬರ್‌ನಲ್ಲಿ ಅದರ ಸಪೋರ್ಟ್ ಮುಗಿಯಿತು. 1998ರ ವಿಬಿ6 ಪ್ರೋಗ್ರಾಂಗಳ ರನ್‌ಟೈಮ್ ಮಾತ್ರ ವಿಂಡೋಸ್ 11ರ ಜೊತೆಗೇ ಬರುತ್ತದೆ. ವಿಬಿ6ರ ಎಡಿಟರ್‌ಗೆ 2008ರಲ್ಲೇ ಸಪೋರ್ಟ್ ನಿಂತಿತು. ಅದರಲ್ಲಿ ಬರೆದ ಪ್ರೋಗ್ರಾಂಗಳನ್ನು ಓಡಿಸುವ ಭಾಗಕ್ಕೆ ನಿಂತಿಲ್ಲ. ಅಕ್ಕ ಪಕ್ಕ ಇಟ್ಟು ನೋಡಿದರೆ ಹೊಸದು ಹೋಯಿತು, ಹಳೆಯದು ಉಳಿಯಿತು.

ಯಾಕೆ? ವಯಸ್ಸು ಕಾರಣವಾಗಿದ್ದರೆ ಮೊದಲು ಹೋಗಬೇಕಾದದ್ದು ಕಾಮ್. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದು ಬೇರೆ. ಒಂದು ತಂತ್ರಜ್ಞಾನ ಉಳಿಯುತ್ತಾ ಅಂತ ತಿಳಿಯಬೇಕಾದರೆ ಅದರ ಮೇಲೆ ಯಾರು ನಿಂತಿದ್ದಾರೆ ಅಂತ ನೋಡಬೇಕು. ಸಿಲ್ವರ್‌ಲೈಟ್ ಮೇಲೆ ನಿಂತಿದ್ದವರು ಹೊರಗಿನವರು. ಅದನ್ನು ತೆಗೆದರೆ ವಿಂಡೋಸ್ ಅಲ್ಲಾಡುವುದಿಲ್ಲ. ಕಾಮ್ ಮೇಲೆ ನಿಂತಿರುವುದು ವಿಂಡೋಸೇ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರುವ ಮೆನುವಿಗೆ ಬೇರೆ ಸಾಫ್ಟ್‌ವೇರ್‌ಗಳು ತಮ್ಮ ಸಾಲು ಸೇರಿಸುವುದು ಕಾಮ್‌ನಿಂದ. ಫೋಲ್ಡರ್‌ನಲ್ಲಿ ಫೋಟೊಗಳ ಚಿಕ್ಕ ಚಿತ್ರ ಕಾಣುವುದು ಕಾಮ್‌ನಿಂದ. ಟಾಸ್ಕ್ ಶೆಡ್ಯೂಲರ್, ಡೈರೆಕ್ಟ್‌ಎಕ್ಸ್, ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮಾಲೀಕ ತಾನೇ ವಾಸವಿರುವ ಮನೆಯ ಪಾಯ ಕೀಳುತ್ತಾನಾ?

ಎದುರಿನ ಉದಾಹರಣೆ ಲಿನಕ್ಸ್ ಕಡೆ ಇದೆ. ಗ್ನೋಮ್ ಡೆಸ್ಕ್‌ಟಾಪ್ 1997ರಲ್ಲಿ ಶುರುವಾಯಿತು. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ನಡುವೆ ಬರುವ ಎನ್, ಓ, ಎಂ ಅಕ್ಷರಗಳೇ ನೆಟ್‌ವರ್ಕ್ ಆಬ್ಜೆಕ್ಟ್ ಮಾಡೆಲ್ ಅನ್ನುವುದರ ಮೊದಲಕ್ಷರಗಳು. ಕಾರ್ಬಾ ಅನ್ನುವ ಕಾಂಪೊನೆಂಟ್ ತಂತ್ರದ ಮೇಲೆ ಬೊನೊಬೊ ಅಂತ ಕಟ್ಟಿದ್ದರು. ಹೆಸರಿನಲ್ಲೇ ಹೊತ್ತುಕೊಂಡಿದ್ದ ಆ ತಂತ್ರವನ್ನು ಗ್ನೋಮ್ 3ರ ಹೊತ್ತಿಗೆ ಬಿಟ್ಟುಬಿಟ್ಟರು. ಡಿ-ಬಸ್ ಅನ್ನುವ ಹಗುರದ ದಾರಿ ಬಂದಿತ್ತು. ಅಲ್ಲಿ ಕೋಡೆಲ್ಲ ಬಯಲಿನಲ್ಲೇ ಇರುತ್ತದೆ. ಬೇಕಾದವರು ತಿದ್ದಿಕೊಂಡು ಹೊಸ ರೀತಿಗೆ ಮತ್ತೆ ಕಂಪೈಲ್ ಮಾಡಬಹುದು. ಗಿರಣಿಯ ಪ್ರೋಗ್ರಾಂನ ಸೋರ್ಸ್ ಎಲ್ಲಿದೆ? ಯಾರಿಗೂ ಗೊತ್ತಿಲ್ಲ. ಇರುವುದು ಇಎಕ್ಸ್‌ಇ, ಅಂದರೆ ಓಡಿಸುವ ಫೈಲು, ಒಂದೇ. ವಿಂಡೋಸ್ ಲೋಕದಲ್ಲಿ ಇಂಥ ಅನಾಥ ಇಎಕ್ಸ್‌ಇಗಳು ಲೆಕ್ಕಕ್ಕೆ ಸಿಗದಷ್ಟಿವೆ. ಅವನ್ನು ಮುರಿದರೆ ಜನ ಹೊಸ ವಿಂಡೋಸ್ ಕೊಳ್ಳುವುದೇ ಇಲ್ಲ ಅಂತ ಮೈಕ್ರೋಸಾಫ್ಟ್‌ಗೂ ಗೊತ್ತು.

ಫೈರ್‌ಫಾಕ್ಸ್‌ನದು ಈ ಎರಡರ ನಡುವಿನ ಕಥೆ. ಕಾಮ್ ನೋಡಿ ಅವರೂ ಎಕ್ಸ್‌ಪಿಕಾಮ್ ಅಂತ ಮಾಡಿಕೊಂಡಿದ್ದರು. ಹೊರಗಿನವರು ಆಡ್-ಆನ್ ಬರೆಯಲು ಅದನ್ನು ಬಳಸುತ್ತಿದ್ದರು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಆ ಬಾಗಿಲು ಮುಚ್ಚಿತು. ರಾತ್ರಿ ಬೆಳಗಾಗುವುದರೊಳಗೆ ಎಷ್ಟೋ ಜನರ ನೆಚ್ಚಿನ ಆಡ್-ಆನ್ ಹೋದವು. ಒಳಗೆ ಮಾತ್ರ ಎಕ್ಸ್‌ಪಿಕಾಮ್ ಇವತ್ತೂ ಇದೆ. ಹೊರಗಿನವರಿಗೆ ಸತ್ತದ್ದು, ಮನೆಯವರಿಗೆ ಬದುಕಿರುವುದು. ಸತ್ತಿತು ಅನ್ನುವ ಸುದ್ದಿ ಕೇಳಿದಾಗ ಯಾರ ಪಾಲಿಗೆ ಅಂತ ಕೇಳಿ. ಕಾಮ್‌ನಲ್ಲೂ ಈಗ ಅದೇ ನಡೆಯುತ್ತಿದೆ. ಹೊಸ ಔಟ್‌ಲುಕ್‌ನಲ್ಲಿ ಹಳೇ ಕಾಮ್ ಆಡ್-ಇನ್‌ಗಳು ಓಡುವುದಿಲ್ಲ. ಆಫೀಸ್ 2024ರಲ್ಲಿ ಆಕ್ಟಿವ್‌ಎಕ್ಸ್ ಕಂಟ್ರೋಲ್‌ಗಳಿಗೆ ಮೊದಲಿನಿಂದಲೇ ತಡೆ. ಸಣ್ಣಪುಟ್ಟ ಕೆಲಸಗಳಿಗೆ ಬಳಸುತ್ತಿದ್ದ ವಿಬಿಸ್ಕ್ರಿಪ್ಟ್ ಭಾಷೆಗೆ 2023ರಲ್ಲೇ ಕೊನೆಯ ಗಂಟೆ ಬಾರಿಸಿದ್ದಾರೆ. ಅದೇ 2023ರಲ್ಲಿ ಬಂದ ಡಾಟ್‌ನೆಟ್ 8ರಲ್ಲಿ ಕಾಮ್ ಜೊತೆ ಮಾತಾಡಲು ಹೊಸ ಸೌಲಭ್ಯ ಬರೆದು ಸೇರಿಸಿದ್ದಾರೆ. ಜಗಲಿ ಖಾಲಿಯಾಗುತ್ತಿದೆ, ನಡುಮನೆಯಲ್ಲಿ ಒಲೆ ಉರಿಯುತ್ತಿದೆ.

ಹಾಗಾದರೆ ಇವತ್ತು ಕಾಮ್ ಕಲಿಯಬೇಕಾ? ಗಿರಣಿಯ ಹುಡುಗಿಗೆ ನಾನು ಹೇಳುವುದು ಇಷ್ಟು. ಹೊಸ ಕೆಲಸ ಇದರಲ್ಲಿ ಶುರು ಮಾಡಬೇಡ. ಇದರ ಬೇರು ಇರುವುದು ವಿಂಡೋಸ್‌ನಲ್ಲಿ. ನಿನ್ನ ಪ್ರೋಗ್ರಾಂ ನಾಳೆ ಲಿನಕ್ಸ್ ಸರ್ವರ್ ಮೇಲೋ ಫೋನಿನಲ್ಲೋ ಓಡಬೇಕಾಗಬಹುದು. ಇನ್ನು 32 ಬಿಟ್ ಕಂಟ್ರೋಲ್ ನಂಬಿದ ಪ್ರೋಗ್ರಾಂ 64 ಬಿಟ್‌ಗೆ ಏರುವುದು ಕಷ್ಟ, ಒಂದೇ ಪ್ರೊಸೆಸ್‌ನಲ್ಲಿ ಎರಡೂ ಬೆರೆಯುವುದಿಲ್ಲ. ಆದರೆ ವಿಂಡೋಸ್ ಮೇಲೆ ಕೆಲಸ ಮಾಡುವುದಾದರೆ ಆ ಮೂರು ಫಂಕ್ಷನ್ ಏನು ಅಂತ ಒಂದು ಭಾನುವಾರ ಕೂತು ತಿಳಿದುಕೋ. ಆಮೇಲೆ ಎಷ್ಟೋ ವಿಚಿತ್ರ ಎರರ್‌ಗಳು ವಿಚಿತ್ರ ಅನ್ನಿಸುವುದಿಲ್ಲ.

ಇನ್ನೂ ಒಂದು ಲಾಭ ಇದೆ. ವೆಬ್‌ಅಸೆಂಬ್ಲಿ ಹೆಸರು ಆ ಹುಡುಗಿ ಕೇಳಿರುತ್ತಾಳೆ, ಬೇರೆ ಬೇರೆ ಭಾಷೆಯ ಕೋಡನ್ನು ಬ್ರೌಸರ್‌ನಲ್ಲೂ ಹೊರಗೂ ಓಡಿಸಲು ಮಾಡಿದ ರೂಪ ಅದು. ಅದಕ್ಕೆ ಈಗ ಕಾಂಪೊನೆಂಟ್ ಮಾಡೆಲ್ ಕಟ್ಟುತ್ತಿದ್ದಾರೆ. ಅದರ ಮೇಲೆ ನಿಂತ ವಾಸಿ 0.2 (ವೆಬ್‌ಅಸೆಂಬ್ಲಿ ಕೋಡ್ ಹೊರಗಿನ ಸಿಸ್ಟಮ್ ಜೊತೆ ಮಾತಾಡುವ ಇಂಟರ್‌ಫೇಸ್‌ಗಳ ಗುಂಪು) ಬಂದದ್ದು 2024ರ ಜನವರಿಯಲ್ಲಿ. ಒಬ್ಬರು ರಸ್ಟ್‌ನಲ್ಲಿ ಬರೆದ ಭಾಗ, ಇನ್ನೊಬ್ಬರು ಪೈಥಾನ್‌ನಲ್ಲಿ ಬರೆದ ಭಾಗ, ಎರಡೂ ಒಂದರೊಳಗೊಂದು ಕೂರಬೇಕು. ನಡುವೆ ಯಾವ ಭಾಷೆಗೂ ಸೇರದ ಒಂದು ಇಂಟರ್‌ಫೇಸ್ ಫೈಲ್. 1993ರಲ್ಲಿ ಬಿಡಿಸಲು ಕೂತ ಲೆಕ್ಕವೇ ಇದು. ಬಿಡಿಸುವ ರೀತಿ ಬೇರೆ, ಮತ್ತು ಚೆನ್ನಾಗಿದೆ. ಇಲ್ಲಿ ಒಂದು ಭಾಗ ಇನ್ನೊಂದರ ಮೆಮೊರಿಗೆ ಕೈ ಹಾಕುವಂತಿಲ್ಲ. ಆಕ್ಟಿವ್‌ಎಕ್ಸ್ ಕೈ ಸುಟ್ಟುಕೊಂಡದ್ದು ಎಲ್ಲಿ ಅಂತ ನೋಡಿದವರು ಬರೆದ ಹಾಗಿದೆ.

ಆವತ್ತು ಹೊರಡುವಾಗ ಫೋಲ್ಡರ್ ಪೂರ್ತಿ, ಆ ಓಸಿಎಕ್ಸ್ ಸಮೇತ, ಎರಡು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಏನು ಎಲ್ಲಿಗೆ ಕಾಪಿ ಮಾಡಬೇಕು, ಯಾವ ಕಮಾಂಡ್ ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆದೆ. ಸಿಸ್‌ವಾವ್64 ಅನ್ನುವ ಪದದ ಕೆಳಗೆ ಎರಡು ಗೆರೆ ಎಳೆದೆ. ಮಾಲೀಕರು "ಇನ್ನೆಷ್ಟು ವರ್ಷ ಬರಬಹುದು?" ಅಂದರು. ಪ್ರೋಗ್ರಾಂಗಿಂತ ಮೊದಲು ಕೇಬಲ್ ಹೋಗುತ್ತದೆ ನೋಡಿ ಅಂದೆ. ಹೊಸ ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಕ್ಕಿಸಿದ್ದೆವು. ಎಂಟು ತಿಂಗಳಿಗೆ ಮತ್ತೆ ಫೋನ್ ಬಂತು. ಅಡಾಪ್ಟರ್ ಕೇಬಲನ್ನು ಇಲಿ ಕಡಿದಿತ್ತು.